ಹನ್ನೊಂದನೇ ಸ್ಲೈಡ್

2024ರ ಮಳೆಗಾಲ ಶುರುವಾಗೋ ಹೊತ್ತಿಗೆ ನಾನೊಂದು ಸ್ಲೈಡ್ ಡಿಲೀಟ್ ಮಾಡಿದೆ. ಹದಿನಾರು ಸ್ಲೈಡಿನ ಪ್ರೆಸೆಂಟೇಶನ್‌ನಲ್ಲಿ ಅದು ಹನ್ನೊಂದನೆಯದು. ಡಿಲೀಟ್ ಮಾಡೋಕೆ ಒಂದು ಸೆಕೆಂಡು ಹಿಡೀತು. ಅದರ ಬಗ್ಗೆ ಯೋಚನೆ ಮಾಡೋದು ಮಾತ್ರ ಇನ್ನೂ ಮುಗಿದಿಲ್ಲ.

ನಾನು ಕೆಲಸ ಮಾಡೋ ಕಂಪನಿ ಉಪಗ್ರಹದ ಚಿತ್ರಗಳನ್ನು ಓದೋ ಸಾಫ್ಟ್‌ವೇರ್ ಬರೆಯುತ್ತೆ. ಮೇಲಿಂದ ತೆಗೆದ ಚಿತ್ರ ಕೊಟ್ಟರೆ ಇದು ಗದ್ದೆ, ಇದು ಕೆರೆ, ಇದು ಕಾಡು ಅಂತ ಬಣ್ಣ ಹಚ್ಚಿ ಕೊಡುತ್ತೆ. ಕೆಲವು ಶಾಸಕರಿಗೆ, ಒಂದಿಬ್ಬರು ಸಂಸದರಿಗೆ ‘ಬಾಹ್ಯಾಕಾಶ ಉದ್ಯಮದ ಪರಿಚಯ’ ಮಾಡಿಕೊಡೋ ಕಾರ್ಯಕ್ರಮವೊಂದು ಬೆಂಗಳೂರಿನ ಹೋಟೆಲ್ಲಿನಲ್ಲಿ ಇತ್ತು. ಕನ್ನಡದಲ್ಲಿ ಹೇಳೋರು ಬೇಕು ಅಂತ ನನ್ನನ್ನು ಕಳಿಸಿದರು. ಕೊಪ್ಪದ ಕಡೆಯ ಹುಡುಗ, ಸರ್ಕಾರಿ ಶಾಲೆಯಲ್ಲಿ ಓದಿದವ, ನೆಲದ ಭಾಷೆ ಮಾತಾಡ್ತಾನೆ. ಕಂಪನಿಗೆ ಇದಕ್ಕಿಂತ ಅನುಕೂಲದ ಮುಖ ಸಿಗೋದಿಲ್ಲ.

ಹನ್ನೊಂದನೇ ಸ್ಲೈಡ್‌ನಲ್ಲಿ ಇದ್ದದ್ದು ಇಷ್ಟೇ: ನಮ್ಮ ನಕ್ಷೆ ಎಲ್ಲೆಲ್ಲಿ ತಪ್ಪುತ್ತೆ. ಬಯಲುಸೀಮೆಯ ಜೋಳದ ಹೊಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಮಲೆನಾಡಿಗೆ ಬಂದರೆ ತಡಬಡಾಯಿಸುತ್ತೆ. ಹಲಸು, ಅತ್ತಿ, ಹಾಲುವಾಣದ ನೆರಳಿನಲ್ಲಿ ಬೆಳೆದ ಕಾಫಿ ತೋಟವನ್ನು ಎಷ್ಟೋ ಸಲ ಕಾಡು ಅಂತಲೇ ಓದುತ್ತೆ. ಕಾಡಿನ ಅಂಚಿನ ಅಡಿಕೆ ತೋಟದ್ದೂ ಅದೇ ಕತೆ. ‘ಸ್ಥಳಕ್ಕೆ ಹೋಗಿ ನೋಡದೆ ಈ ನಕ್ಷೆಯೊಂದನ್ನೇ ನಂಬಿ ತೀರ್ಮಾನ ಮಾಡಬಾರದು’ ಅಂತ ಕೊನೆಗೊಂದು ಸಾಲು ಬರೆದಿದ್ದೆ.

ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲ. ‘ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಅವರಿಗೆ ಇರೋದು ಇಪ್ಪತ್ತು ನಿಮಿಷ. ಮೊದಲನೇ ಪರಿಚಯದಲ್ಲೇ ನಮ್ಮ ಹುಳುಕು ನಾವೇ ಯಾಕೆ ತೋರಿಸ್ಬೇಕು? ಕೇಳಿದ್ರೆ ಹೇಳು’ ಅಂದರು. ಸುಳ್ಳು ಹೇಳು ಅಂತ ಅವರು ಹೇಳಲಿಲ್ಲ. ನಾನೂ ಸುಳ್ಳು ಹೇಳಲಿಲ್ಲ. ಡಿಲೀಟ್ ಒತ್ತಿದೆ, ಅಷ್ಟೇ.

ಕಾರ್ಯಕ್ರಮ ಚೆನ್ನಾಗಿಯೇ ಆಯ್ತು. ಕೊನೆಗೆ ವಯಸ್ಸಾದ ಶಾಸಕರೊಬ್ಬರು, ಅಲ್ಲಿಯವರೆಗೆ ಫೋನ್ ನೋಡ್ತಾ ಕೂತಿದ್ದವರು, ತಲೆ ಎತ್ತಿ ಕೇಳಿದರು: ‘ತಮ್ಮಾ, ತೋಟಕ್ಕೂ ಕಾಡಿಗೂ ಇದು ವ್ಯತ್ಯಾಸ ಹೆಂಗ್ ಕಂಡುಹಿಡೀತದೆ?’

ಇಡೀ ಬೆಳಗ್ಗೆ ಯಾರೂ ಕೇಳದಿದ್ದ ಪ್ರಶ್ನೆ. ಕೇಳಿದರೆ ಹೇಳು ಅಂದಿದ್ದರಲ್ಲ, ಕೇಳಿಯೇಬಿಟ್ಟರು. ನಾನು ಹೇಳಿದ್ದು: ‘ಸರ್, ಎಲೆಯಿಂದ ವಾಪಸ್ ಬರೋ ಬೆಳಕಿನಲ್ಲಿ ವ್ಯತ್ಯಾಸ ಇರುತ್ತೆ. ಅದನ್ನ ನೋಡಿ ಅಲ್ಗಾರಿದಮ್ ಕಲಿಯುತ್ತೆ. ದಿನೇದಿನೇ ಸುಧಾರಿಸ್ತಿದೆ.’ ಒಂದೊಂದು ಶಬ್ದವೂ ನಿಜ. ಅವರು ‘ಹೌದಾ, ಒಳ್ಳೇದಾತು’ ಅಂದು ಕಾಫಿ ಕುಡಿಯೋಕೆ ಎದ್ದರು.

ನನಗೆ ಮಾತ್ರ ಆವತ್ತಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

*

ಶಾಸಕರಿಗೆ ಬಾಹ್ಯಾಕಾಶದ ಪಾಠ ಯಾಕೆ ಬೇಕು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ‘ರಸ್ತೆ ಗುಂಡಿ ಮುಚ್ಚೋಕೆ ಆಗದವರಿಗೆ ರಾಕೆಟ್ ಯಾಕಪ್ಪ’ ಅನ್ನೋ ಜೋಕು ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಓಡ್ತಿರುತ್ತೆ.

1972ರ ಜೂನ್‌ನಲ್ಲಿ ಬಾಹ್ಯಾಕಾಶ ಇಲಾಖೆ ಶುರುವಾದಾಗ ಇಂದಿರಾ ಗಾಂಧಿ ಪ್ರಧಾನಿ. ಅದೇ ಇಂದಿರಾ ಗಾಂಧಿ 1978ರ ನವೆಂಬರ್‌ನ ಉಪಚುನಾವಣೆಯಲ್ಲಿ ನಮ್ಮ ಚಿಕ್ಕಮಗಳೂರಿಂದ ಗೆದ್ದು ಲೋಕಸಭೆಗೆ ಹೋದರು. ನಮ್ಮ ಅಜ್ಜಿ ಆ ಚುನಾವಣೆಯ ಜೀಪು, ಮೈಕು, ಬಾವುಟದ ಕತೆಗಳನ್ನು ಹೇಳ್ತಿದ್ದರು. ಉಪಗ್ರಹದ ಮಾತು ಒಂದು ಭಾಷಣದಲ್ಲೂ ಬಂದದ್ದು ಅವರಿಗೆ ನೆನಪಿರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಬಾಹ್ಯಾಕಾಶ ಅಂದರೆ ಆಗ ಸರ್ಕಾರವೇ ಮಾಡಿ ಸರ್ಕಾರವೇ ಬಳಸೋ ಕೆಲಸ. ವಿಜ್ಞಾನಿಗಳಿದಾರೆ, ನೋಡ್ಕೋತಾರೆ.

ಈಗ ಹಾಗಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರಿಗೆ ಬಾಗಿಲು ತೆಗೆದು, ಅನುಮತಿ ಕೊಡೋಕೆ ಇನ್‌ಸ್ಪೇಸ್ ಅನ್ನೋ ಸಂಸ್ಥೆ ಮಾಡಿತು. 2022ರ ನವೆಂಬರ್ 18ರಂದು ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್ ಶ್ರೀಹರಿಕೋಟದಿಂದ ಹಾರಿತು. 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಬಂತು. 2024ರ ಫೆಬ್ರವರಿಯಲ್ಲಿ ವಿದೇಶಿ ಹೂಡಿಕೆಯ ನಿಯಮ ಸಡಿಲವಾಯ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ತನ್ನದೇ ಬಾಹ್ಯಾಕಾಶ ತಂತ್ರಜ್ಞಾನ ನೀತಿಯ ಕರಡು ಇಟ್ಟಿತು. ದೇಶದ ಮಾರುಕಟ್ಟೆಯಲ್ಲಿ ಅರ್ಧ ಪಾಲು ನಮ್ಮ ರಾಜ್ಯದ್ದಾಗಬೇಕು ಅನ್ನೋದು ಅದರ ಆಸೆ.

ಇಷ್ಟೆಲ್ಲ ಆದರೂ ನಾನಿದನ್ನು ಬರೆಯೋ ಹೊತ್ತಿಗೆ ಸಂಸತ್ತು ಪಾಸು ಮಾಡಿದ ಬಾಹ್ಯಾಕಾಶ ಕಾಯಿದೆ ಒಂದೂ ಇಲ್ಲ. 2017ರಲ್ಲಿ ಒಂದು ಮಸೂದೆಯ ಕರಡನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿದ್ದರು. ಅದು ಕಾಯಿದೆ ಆಗಲಿಲ್ಲ. ನೀತಿ ಬೇರೆ, ಕಾಯಿದೆ ಬೇರೆ. ನೀತಿ ಸರ್ಕಾರ ಬದಲಾದ ಹಾಗೆ ಬದಲಾಗಬಹುದು. ಕಾಯಿದೆಯನ್ನು ಸಂಸತ್ತಿನಲ್ಲಿ ನಾಲ್ಕು ಜನ ಪ್ರಶ್ನೆ ಕೇಳಿ, ಜಗಳ ಆಡಿ ಪಾಸು ಮಾಡಬೇಕು. ಪ್ರಶ್ನೆ ಕೇಳೋಕೆ ವಿಷಯ ಗೊತ್ತಿರಬೇಕು.

ಗೊತ್ತಿಲ್ಲದಿದ್ದರೆ ಏನಾಗುತ್ತೆ? 1978ರಲ್ಲಿ ಸೋವಿಯತ್ ಉಪಗ್ರಹ ಕಾಸ್ಮೋಸ್-954 ಕೆನಡಾದ ಮೇಲೆ ಒಡೆದು ಬಿತ್ತು. ಒಳಗೆ ಅಣು ರಿಯಾಕ್ಟರ್ ಇತ್ತು. ಹಿಮದಲ್ಲಿ ಚೂರುಗಳನ್ನು ಹುಡುಕಿ ತೆಗೆಯೋ ಖರ್ಚಿಗೆ ಕೆನಡಾ 60 ಲಕ್ಷ ಡಾಲರ್ ಕೇಳಿ, 1981ರಲ್ಲಿ 30 ಲಕ್ಷ ಪಡೆಯಿತು. ಅದು ಸರ್ಕಾರದ್ದೇ ಉಪಗ್ರಹ. ಆದರೆ ಖಾಸಗಿ ಕಂಪನಿಯದಾದರೂ ಹೊಣೆ ಅದರ ದೇಶದ್ದೇ ಅಂತ 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತೆ. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಅಂದರೆ ನಾಳೆ ನಮ್ಮಂಥ ಕಂಪನಿ ಹಾರಿಸಿದ ಉಪಗ್ರಹ ಯಾರದೋ ತಲೆ ಮೇಲೆ ಬಿದ್ದರೆ, ದಂಡ ಕಟ್ಟೋ ಸರ್ಕಾರದಲ್ಲಿ ಕೊಪ್ಪದ ಸಂತೆಯಲ್ಲಿ ಸೊಪ್ಪು ಮಾರೋ ಅಮ್ಮನ ಪಾಲೂ ಇದೆ. ಕಂಪನಿಯಿಂದ ಎಷ್ಟು ವಿಮೆ ಕಟ್ಟಿಸಬೇಕು, ಎಷ್ಟನ್ನು ಸರ್ಕಾರ ಹೊರಬೇಕು ಅನ್ನೋದನ್ನ ಆಕೆ ಪರವಾಗಿ ಯಾರಾದರೂ ಕೇಳಬೇಕಲ್ಲ?

ನಮ್ಮ ಕಡೆಯ ಶಾಸಕರ ದಿನ ಹೇಗಿರುತ್ತೆ ಅಂತ ಊರಲ್ಲಿ ಬೆಳೆದವರಿಗೆ ಗೊತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕೂ ಶೃಂಗೇರಿ ಅನ್ನೋ ಒಂದೇ ಕ್ಷೇತ್ರ. ಬೆಳಗ್ಗೆ ಮದುವೆ, ಮಧ್ಯಾಹ್ನ ತಿಥಿ, ಸಂಜೆ ಕಾಲುಸಂಕದ ಗುದ್ದಲಿ ಪೂಜೆ. ನಡುವೆ ಮೇಷ್ಟ್ರ ವರ್ಗಾವಣೆ, ಕರೆಂಟು, ಕಾಡಾನೆ, ಅಡಿಕೆಯ ಹಳದಿ ಎಲೆ ರೋಗ. ಇದರ ನಡುವೆ ಉಪಗ್ರಹದ ಕಾನೂನು ಓದು ಅಂದರೆ ಯಾರು ಓದ್ತಾರೆ? ಹಾಗಂತ ಶಾಸಕ ಇಂಜಿನಿಯರ್ ಆಗಿರಬೇಕು ಅಂತ ನಾನು ಹೇಳೋದಿಲ್ಲ. ಇದೇ ಕ್ಷೇತ್ರದಿಂದ ಗೆದ್ದು ಶಿಕ್ಷಣ ಮಂತ್ರಿಯಾದ ಎಚ್.ಜಿ. ಗೋವಿಂದೇಗೌಡರನ್ನು, ದುಡ್ಡಿಲ್ಲದೆ ಶಿಫಾರಸಿಲ್ಲದೆ ಮೇಷ್ಟ್ರ ಕೆಲಸ ಸಿಗೋ ಹಾಗೆ ಮಾಡಿದವರು ಅಂತ ಜನ ಇವತ್ತಿಗೂ ನೆನೀತಾರೆ. ಅಂಥವರಲ್ಲಿ ಇದ್ದದ್ದು ನ್ಯಾಯದ ಅಂದಾಜು. ವಿಷಯವನ್ನು ಬೇರೆಯವರು ತಂದುಕೊಡಬಹುದು, ನ್ಯಾಯದ ಅಂದಾಜನ್ನು ಯಾರೂ ತಂದುಕೊಡೋಕೆ ಆಗಲ್ಲ.

ಆದರೆ ವಿಷಯ ತಂದುಕೊಡೋರು ಯಾರು? ಪ್ರಶ್ನೆ ಸಿಕ್ಕಿಹಾಕಿಕೊಳ್ಳೋದೇ ಇಲ್ಲಿ.

*

ಪಾಠಕ್ಕೂ ವಕಾಲತ್ತಿಗೂ ವ್ಯತ್ಯಾಸ ಇದೆ. ವಕೀಲರು ತಮ್ಮ ಕಕ್ಷಿಗೆ ಅನುಕೂಲವಾದದ್ದನ್ನೇ ಒತ್ತಿ ಹೇಳ್ತಾರೆ. ಅದು ತಪ್ಪಲ್ಲ, ಯಾಕಂದ್ರೆ ಎದುರುಗಡೆ ಇನ್ನೊಬ್ಬ ವಕೀಲರಿರ್ತಾರೆ, ಮೇಲೆ ಜಡ್ಜ್ ಇರ್ತಾರೆ. ಪಾಠ ಹೇಳೋ ಮೇಷ್ಟ್ರ ಎದುರು ಇನ್ನೊಬ್ಬ ಮೇಷ್ಟ್ರು ಇರೋದಿಲ್ಲ. ಮಗು ನಂಬಿ ಕೂತಿರುತ್ತೆ. ಅದಕ್ಕೇ ಮೇಷ್ಟ್ರಿಗೆ ಜವಾಬ್ದಾರಿ ಜಾಸ್ತಿ.

ನಾವು ಆ ಹೋಟೆಲ್ಲಿನಲ್ಲಿ ಮಾಡಿದ್ದು ವಕೀಲರ ಕೆಲಸ, ಹಾಕಿಕೊಂಡಿದ್ದು ಮೇಷ್ಟ್ರ ವೇಷ. ‘ಪರಿಚಯ’, ‘ಮಾಹಿತಿ’, ‘ಜಾಗೃತಿ’ ಅಂತೆಲ್ಲ ಬ್ಯಾನರ್ ಕಟ್ಟಿದ್ದರು. ‘ನಮ್ಮ ಕಂಪನಿಗೆ ಅನುಕೂಲವಾಗೋ ನಿಯಮ ಬೇಕು, ಅದಕ್ಕೆ ಬಂದಿದೀವಿ’ ಅಂತ ಬರೆದಿದ್ದರೆ ಆ ಶಾಸಕರು ನನ್ನ ಮಾತನ್ನ ಒಂದು ಚಿಟಿಕೆ ಅನುಮಾನ ಬೆರೆಸಿಯೇ ಕೇಳ್ತಿದ್ದರು. ನಾನು ಅವರಿಂದ ಕಿತ್ತುಕೊಂಡಿದ್ದು ಆ ಅನುಮಾನಪಡೋ ಹಕ್ಕನ್ನ.

ನೀವು ಹೇಳಬಹುದು, ಇದೇನು ದೊಡ್ಡ ವಿಷಯ, ಸುಳ್ಳು ಹೇಳಲಿಲ್ಲವಲ್ಲ ಅಂತ. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಆಂಟ್ರಿಕ್ಸ್-ದೇವಾಸ್ ಪ್ರಕರಣ ನೆನಪಾಯ್ತು. 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ದೇವಾಸ್ ಅನ್ನೋ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಉಪಗ್ರಹಕ್ಕೆ ಒಪ್ಪಿಗೆ ಕೇಳಿ ಕೇಂದ್ರ ಸಂಪುಟದ ಮುಂದಿಟ್ಟ ಟಿಪ್ಪಣಿಯಲ್ಲಿ ಈ ಒಪ್ಪಂದದ ಮಾತೇ ಇರಲಿಲ್ಲ ಅನ್ನೋದು ಸಿಎಜಿ ತನ್ನ 2012ರ ವರದಿಯಲ್ಲಿ ಎತ್ತಿದ ಆಕ್ಷೇಪಗಳಲ್ಲಿ ಒಂದು. 2011ರಲ್ಲಿ ಒಪ್ಪಂದ ರದ್ದಾಯ್ತು. ಆಮೇಲೆ ದೇಶ ವಿದೇಶದ ಕೋರ್ಟುಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ದೇವಾಸ್ ಕಂಪನಿಯನ್ನು ಮುಚ್ಚಿಸಿದ್ದು ಸರಿ ಅಂದಿತು. ತೀರ್ಮಾನ ಮಾಡೋರ ಮುಂದೆ ಒಂದು ಪ್ಯಾರಾ ಇಲ್ಲದೆ ಹೋದರೆ ಎಷ್ಟು ದೂರ ಹೋಗಬಹುದು ನೋಡಿ. ನನ್ನ ಸ್ಲೈಡನ್ನ ಅದಕ್ಕೆ ಹೋಲಿಸೋದು ಅತಿಯಾಯ್ತು, ಒಪ್ತೀನಿ. ಆದರೆ ಜಾತಿ ಒಂದೇ. ಹೇಳದೆ ಬಿಟ್ಟದ್ದರ ಜಾತಿ.

*

ನನಗಿದು ಇಷ್ಟು ಚುಚ್ಚಿದ್ದಕ್ಕೆ ಇನ್ನೊಂದು ಕಾರಣ ಇದೆ. ಉಪಗ್ರಹದ ನಕ್ಷೆ ನಮ್ಮೂರಿಗೆ ಹೊಸದಲ್ಲ. ನಮ್ಮ ಕಡೆ ಅದಕ್ಕೊಂದು ಹೆಸರಿದೆ: ಕಸ್ತೂರಿರಂಗನ್ ವರದಿ.

ಕೆ. ಕಸ್ತೂರಿರಂಗನ್ ಯಾರು ಅಂತ ಬೆಂಗಳೂರಲ್ಲಿ ಕೇಳಿದರೆ ಇಸ್ರೋದ ಮಾಜಿ ಅಧ್ಯಕ್ಷರು ಅಂತಾರೆ. 1994ರಿಂದ 2003ರವರೆಗೆ ಆ ಹುದ್ದೆಯಲ್ಲಿದ್ದರು. ಅದಕ್ಕೂ ಮೊದಲು ಭಾಸ್ಕರ ಉಪಗ್ರಹಗಳನ್ನು ಕಟ್ಟಿದರು. 1988ರಲ್ಲಿ ಹಾರಿದ ಐಆರ್‌ಎಸ್-1ಎ, ಅಂದರೆ ನಮ್ಮ ನೆಲವನ್ನು ನಾವೇ ಮೇಲಿಂದ ನೋಡೋ ಕಣ್ಣು, ಅದರ ಹಿಂದೆಯೂ ಅವರಿದ್ದರು. 2003ರಿಂದ 2009ರವರೆಗೆ ನಾಮಕರಣಗೊಂಡ ರಾಜ್ಯಸಭಾ ಸದಸ್ಯರಾಗಿದ್ದರು. ಬಾಹ್ಯಾಕಾಶ ಗೊತ್ತಿರೋ ಜನಪ್ರತಿನಿಧಿ ಬೇಕು ಅಂತ ನಾವು ಹೇಳ್ತೀವಲ್ಲ, ಅಂಥವರು ಒಬ್ಬರು ಸಂಸತ್ತಿನಲ್ಲೇ ಕೂತಿದ್ದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇದೇ ಹೆಸರನ್ನ ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಹೇಳಿ ನೋಡಿ. ‘ನಮ್ಮನ್ನ ಎಬ್ಬಿಸೋಕೆ ಬಂದೋರು’ ಅಂತಾರೆ.

ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿಗೆ ವಿರೋಧ ಬಂದಾಗ, ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಆಯ್ತು. 2013ರ ಏಪ್ರಿಲ್‌ನಲ್ಲಿ ಅದರ ವರದಿ ಬಂತು. ಉಪಗ್ರಹದ ಚಿತ್ರ ಇಟ್ಟುಕೊಂಡು ಘಟ್ಟದ ಸುಮಾರು 37 ಶೇಕಡ, ಅಂದರೆ ಹತ್ತಿರಹತ್ತಿರ 60 ಸಾವಿರ ಚದರ ಕಿಲೋಮೀಟರ್, ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿದರು. ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. ಒಂದು ಹಳ್ಳಿಯ ಐದರಲ್ಲಿ ಒಂದು ಪಾಲು ಸೂಕ್ಷ್ಮ ಅಂತ ಬಂದರೆ ಇಡೀ ಹಳ್ಳಿ ಪಟ್ಟಿಗೆ ಸೇರುತ್ತೆ. ರಾಜ್ಯದ ಒಂದೂವರೆ ಸಾವಿರದಷ್ಟು ಹಳ್ಳಿಗಳು ಸೇರಿದವು. ನಮ್ಮ ಮೂರೂ ತಾಲ್ಲೂಕಿನ ಹಳ್ಳಿಗಳು ಅದರಲ್ಲಿದ್ದವು.

ಲೆಕ್ಕ ಹಾಕೋದು ನನ್ನ ಕೆಲಸ, ಹಾಕ್ತೀನಿ. ಅವರು ಬಳಸಿದ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 24 ಮೀಟರ್ ಉದ್ದ, 24 ಮೀಟರ್ ಅಗಲ. ಗುಂಟೆ ಲೆಕ್ಕದಲ್ಲಿ ಐದೂಮುಕ್ಕಾಲು. ನಮ್ಮಪ್ಪಯ್ಯನ ತೋಟ ಎರಡೂವರೆ ಎಕರೆ. ಮೂರು ತಲೆಮಾರು ಮಣ್ಣು ಹೊತ್ತು, ಕಪ್ಪು ತೋಡಿ, ಸೊಪ್ಪು ಹಾಕಿ, ಕೊಳೆ ಬಂದಾಗ ಅತ್ತು, ರೇಟು ಬಂದಾಗ ನಕ್ಕ ತೋಟ ಆ ಚಿತ್ರದಲ್ಲಿ ಹದಿನೇಳೋ ಹದಿನೆಂಟೋ ಚುಕ್ಕಿ.

ಘಟ್ಟದ ಕಾಡು ಎಲ್ಲಿದೆ, ಎಲ್ಲಿ ತುಂಡಾಗಿದೆ ಅಂತ ನೋಡೋಕೆ ಈ ಚಿತ್ರ ಬೇಕಾದಷ್ಟಾಯ್ತು. ಒಂದು ಸರ್ವೆ ನಂಬರಿನ ಹಣೆಬರಹ ಬರೆಯೋಕೆ ಸಾಲದು. ನಮ್ಮ ವೃತ್ತಿಯಲ್ಲಿ ‘ಗ್ರೌಂಡ್ ಟ್ರುತ್’ ಅನ್ನೋ ಮಾತಿದೆ. ಮೇಲಿಂದ ಕಂಡದ್ದು ಸರಿಯೋ ಅಂತ ನೆಲದ ಮೇಲೆ ಹೋಗಿ ನೋಡೋದು. ಕೇರಳದವರು ಪಂಚಾಯ್ತಿ ಮಟ್ಟದಲ್ಲಿ ಆ ಪರಿಶೀಲನೆ ಮಾಡಿಸಿ, ತಮ್ಮ 13,108 ಚದರ ಕಿಲೋಮೀಟರನ್ನು 9,994ರ ಹತ್ತಿರಕ್ಕೆ ಇಳಿಸಿಕೊಂಡರು. ಅದರಲ್ಲಿ ಎಷ್ಟು ತಿದ್ದುಪಡಿ, ಎಷ್ಟು ರಾಜಕೀಯ ಅನ್ನೋದು ಬೇರೆ ಚರ್ಚೆ. ನಮ್ಮಲ್ಲಿ ಆದದ್ದು ಪ್ರತಿಭಟನೆ. ಕರಡು ಅಧಿಸೂಚನೆ ಬರೋದು, ನಾವು ಬೇಡ ಅನ್ನೋದು, ಅವಧಿ ಮುಗಿದು ಮತ್ತೆ ಬರೋದು. 2024ರ ಜುಲೈ 31ಕ್ಕೆ ಆರನೇ ಸಲ ಬಂತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮತ್ತೆ ಬೇಡ ಅಂತು.

ಹನ್ನೊಂದನೇ ಸ್ಲೈಡ್‌ನಲ್ಲಿ ನಾನು ಬರೆದಿದ್ದು ಇದನ್ನೇ. ಹನ್ನೊಂದು ವರ್ಷದ ಜಗಳದ ಒಂದು ಮೂಲವನ್ನ ಶಾಸಕರೊಬ್ಬರು ಸರಿಯಾಗಿ ಮುಟ್ಟಿ ಕೇಳಿದಾಗ, ಅದೇ ಊರಿನ ನಾನು ಅಲ್ಗಾರಿದಮ್ ಕತೆ ಹೇಳಿ ಕಳಿಸಿದೆ.

*

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಸರಳವಾಗಿರ್ತಿತ್ತು: ಕಂಪನಿ ಕೆಟ್ಟದ್ದು, ಊರು ಒಳ್ಳೇದು. ಚೌತಿ ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ ಅದೂ ಉಳೀಲಿಲ್ಲ.

ಮಳೆ ಸ್ವಲ್ಪ ಬಿಟ್ಟಿತ್ತು. ಎರಡನೇ ಸಲದ ಬೋರ್ಡೋ ಮದ್ದು ಹೊಡೆಸಿ ಅಪ್ಪಯ್ಯ ಜಗುಲಿ ಮೇಲೆ ಕೂತಿದ್ದರು. ನಾನು ಸ್ಲೈಡಿನ ಕತೆ ಹೇಳಿದೆ. ‘ಅದೇ ಮತ್ತೆ! ಮೇಲಿಂದ ನೋಡಿದ್ರೆ ಎಂತ ಗೊತ್ತಾಗ್ತದೆ ಅವ್ರಿಗೆ? ಕೆಳಗೆ ಬಂದು ನೋಡ್ಬೇಕಪ್ಪ’ ಅಂತ ಅವರಿಗೆ ಖುಷಿಯೋ ಖುಷಿ. ಮಗ ಕೊನೆಗೂ ತಮ್ಮ ಕಡೆ ಬಂದ ಅಂತ.

ತೋರಿಸ್ತೀನಿ ಅಂತ ಲ್ಯಾಪ್‌ಟಾಪ್ ತೆಗೆದೆ. ಗೂಗಲ್ ಅರ್ತ್‌ನಲ್ಲಿ ಹಳೇ ವರ್ಷಗಳ ಚಿತ್ರಗಳನ್ನ ಹಿಂದಕ್ಕೆ ಸರಿಸಿ ನೋಡಬಹುದು. ಮನೆ, ಕೆರೆ, ತೋಟ ಎಲ್ಲ ಕಂಡಿತು. ಈಗಿನ ಚಿತ್ರದಲ್ಲಿ ತೋಟದ ಮೇಲಂಚಿನಲ್ಲಿ ಅಡಿಕೆಯ ಸಾಲು ನೀಟಾಗಿದೆ. ಹಿಂದಕ್ಕೆ ಸರಿಸುತ್ತಾ ಹೋದೆ. 2009ರ ಚಿತ್ರ ಬಂತು. ಮೇಲಂಚಿನಲ್ಲಿ ಅಡಿಕೆ ಇಲ್ಲ. ದೊಡ್ಡ ದೊಡ್ಡ ಮರಗಳ ತಲೆ, ಒತ್ತಾಗಿ, ಕಡುಹಸಿರು. ಕಾನು.

ಆ ಮೂವತ್ತು ಗುಂಟೆ ನಮ್ಮ ಪಹಣಿಯಲ್ಲಿಲ್ಲ. ಸರ್ಕಾರಿ ಜಾಗ. ಸಕ್ರಮಕ್ಕೆ ಅಂತ ನಮೂನೆ 57ರಲ್ಲಿ ಅರ್ಜಿ ಹಾಕಿದ್ದಾರೆ ಅನ್ನೋದು ನನಗೆ ಗೊತ್ತಿತ್ತು. 2005ಕ್ಕೂ ಮೊದಲಿಂದ ಸಾಗುವಳಿ ಇದ್ದವರಿಗೆ ಮಾತ್ರ ಆ ಅರ್ಜಿ. ಅಪ್ಪಯ್ಯನಿಗೂ ಅದು ಗೊತ್ತಿತ್ತು. ಬಗರ್‌ಹುಕುಂ ಅರ್ಜಿಗಳನ್ನ ಉಪಗ್ರಹದ ಚಿತ್ರ ಇಟ್ಟು ಪರಿಶೀಲಿಸ್ತೀವಿ ಅಂತ ಕಂದಾಯ ಇಲಾಖೆ ಹೇಳಿದ್ದು ಪೇಪರಿನಲ್ಲೂ ಬಂದಿತ್ತು.

ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅಡುಗೆಮನೆಯಿಂದ ಅಮ್ಮ ಎರಡು ಸಲ ಕಾಫಿಗೆ ಕರೆದರು.

‘ಇದ್ನೂ ತೋರಿಸ್ತೀಯನಾ ನೀನು?’ ಅಂತ ಅಪ್ಪಯ್ಯ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ಅದೇ ಕಷ್ಟ ಆಗಿದ್ದು.

ಉಪಗ್ರಹ ನಮ್ಮ ತೋಟವನ್ನ ಕಾಡು ಅಂದರೆ ಅದು ತಪ್ಪು ಅಂತ ಕೂಗೋ ನಾವು, ಅದೇ ಉಪಗ್ರಹ ನಮ್ಮ ತೋಟದ ತಲೆಯಲ್ಲಿದ್ದ ಕಾಡು ಎಲ್ಲಿ ಹೋಯ್ತು ಅಂದರೆ ಏನು ಹೇಳೋದು? ಕಂಪನಿ ಒಂದು ಸ್ಲೈಡ್ ಬಿಟ್ಟಿತು. ನಾವು ಮೂವತ್ತು ಗುಂಟೆ ಬಿಟ್ಟೆವು. ಊರಿನ ಸಭೆಗಳಲ್ಲಿ ಭಾಷಣ ಮಾಡಿದವರೂ ಬಿಟ್ಟದ್ದು ಇದೆ. ಆ ಕರಡು ನಿಷೇಧಿಸ ಹೊರಟದ್ದು ಗಣಿ, ಕ್ವಾರಿ, ಮರಳು ತೆಗೆಯೋದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರ್ಖಾನೆ, ಭಾರೀ ಕಟ್ಟಡ, ಟೌನ್‌ಶಿಪ್ಪುಗಳನ್ನ. ಮನೆ ಬಿಟ್ಟು ಏಳಿ, ತೋಟ ಕಡೀರಿ ಅಂತ ಅದರಲ್ಲಿಲ್ಲ. ಹಾಗಂತ ಜನರ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವ ಮಾತನ್ನ, ಎನ್.ಆರ್. ಪುರದ ಕಡೆ ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನ ಕಂಡ ಜನ ಇವರು. ಸರ್ಕಾರದ ಕಾಗದ ಬಂದರೆ ಒಂದು ಸಲ ನಡುಗೋದು ಅನುಭವದಿಂದಲೇ. ಆದರೆ ಆ ನಡುಕಕ್ಕೆ ಪೂರ್ತಿ ಮಾಹಿತಿ ಕೊಡಬೇಕಾದವರು, ಓಟಿಗೆ ಬೇಕಾದಷ್ಟನ್ನೇ ಕೊಟ್ಟರು.

ಹೀಗೆ ಎಲ್ಲರೂ ತಮಗೆ ಬೇಕಾದ ಅರ್ಧ ಹೇಳ್ತಾ ಹೋದರೆ ಶಾಸನ ಮಾಡೋ ಜಾಗಕ್ಕೆ ಬಂದು ಸೇರೋದು ಅರ್ಧಗಳ ರಾಶಿ. ಎರಡು ಅರ್ಧ ಸೇರಿದರೆ ಒಂದು ಪೂರ್ತಿ ಆಗುತ್ತೆ ಅನ್ನೋದು ಲೆಕ್ಕದಲ್ಲಿ ಮಾತ್ರ. ಎಲ್ಲರೂ ಬಿಡೋದು ತಮ್ಮತಮ್ಮ ಹುಳುಕಿನ ಭಾಗವನ್ನೇ ಆದಾಗ, ಅದು ಯಾರ ಅರ್ಧದಲ್ಲೂ ಸಿಗೋದಿಲ್ಲ.

*

ಹಾಗಾದರೆ ಏನು ಮಾಡೋದು? ಕಂಪನಿಯವರು ಶಾಸಕರ ಹತ್ತಿರ ಹೋಗಲೇಬಾರದಾ? ನಾನು ಹಾಗೆ ಹೇಳಲ್ಲ. ನಾವು ಹೋಗದಿದ್ದರೆ ಇನ್ನೂ ದೊಡ್ಡ ದುಡ್ಡಿನವರು ಹೋಗ್ತಾರೆ. ವಿಷಯ ಗೊತ್ತಿದ್ದೂ ಸುಮ್ಮನಿರೋದು ಸಂಭಾವಿತತನ ಅಲ್ಲ.

ಒಳ್ಳೇ ವ್ಯವಸ್ಥೆ ಅಂದರೆ ಶಾಸನಸಭೆಗೇ ಸ್ವಂತ ಮೇಷ್ಟ್ರು ಇರೋದು. ಅಮೆರಿಕದ ಕಾಂಗ್ರೆಸ್ಸಿಗೆ 1972ರಿಂದ ತಂತ್ರಜ್ಞಾನದ ವಿಷಯ ಬಿಡಿಸಿ ಹೇಳೋ ಕಚೇರಿಯೊಂದಿತ್ತು. ಖರ್ಚು ಉಳಿಸ್ತೀವಿ ಅಂತ 1995ರಲ್ಲಿ ಮುಚ್ಚಿದರು. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಅಂಥದೊಂದು 1989ರಿಂದ ಈಗಲೂ ಇದೆ. ನಮ್ಮಲ್ಲಿ ಪಿಆರ್‌ಎಸ್‌ನಂಥ ಸರ್ಕಾರೇತರ ಸಂಸ್ಥೆ 2005ರಿಂದ ಮಸೂದೆಗಳನ್ನ ಸರಳ ಭಾಷೆಯಲ್ಲಿ ಬಿಡಿಸಿ ಸಂಸದರಿಗೆ ಕೊಡುತ್ತೆ. ವಿಧಾನಸೌಧದಲ್ಲಿ ಕನ್ನಡದಲ್ಲೇ ಇಂಥದನ್ನ ಮಾಡೋ ಕಚೇರಿಯೊಂದಿದ್ದರೆ, ಇಸ್ರೋ ಇರೋ ಊರಿನಲ್ಲಿ ಅದಕ್ಕೆ ಜನ ಸಿಗೋದು ಕಷ್ಟ ಆಗ್ತಿರಲಿಲ್ಲ. ಸಂಬಳ ಕೊಡೋದು ಸಭೆ ಆದರೆ, ಮೇಷ್ಟ್ರಿಗೆ ಬೇರೆ ಯಜಮಾನ ಇರೋದಿಲ್ಲ.

ಅದು ಆಗೋವರೆಗೆ, ನನ್ನಂಥವರು ಮಾಡಬಹುದಾದದ್ದು ಸಣ್ಣದು. ಮಾತು ಶುರು ಮಾಡೋ ಮೊದಲು ‘ನೀವು ಈ ನಿಯಮ ಮಾಡಿದರೆ ನಮ್ಮ ಕಂಪನಿಗೆ ಲಾಭ ಇದೆ’ ಅಂತ ಹೇಳೋದು. ನಮ್ಮ ವಿರುದ್ಧ ಮಾತಾಡೋರನ್ನೂ ಕರೆದು ಕೇಳಿ ಅಂತ ಹೇಳೋದು. ತಪ್ಪುವ ಜಾಗವನ್ನ ಕೇಳೋ ಮೊದಲೇ ತೋರಿಸೋದು. ‘ಕೇಳಿದ್ರೆ ಹೇಳು’ ಅನ್ನೋದು ಗೊತ್ತಿರೋರ ನಡುವೆ ನಡೆಯೋ ನಿಯಮ. ಏನು ಕೇಳಬೇಕು ಅಂತಲೇ ಗೊತ್ತಿಲ್ಲದವರ ಮುಂದೆ ಅದನ್ನ ಬಳಸಿದರೆ ಮೋಸವೇ ಸರಿ.

ಇದರಿಂದ ನಷ್ಟ ಇಲ್ಲವಾ? ಇದೆ. ನಾವೊಬ್ಬರೇ ನಮ್ಮ ಹುಳುಕು ತೋರಿಸಿ, ಪಕ್ಕದ ಕಂಪನಿ ತೋರಿಸದಿದ್ದರೆ ಕೆಲಸ ಅವರಿಗೆ ಹೋಗುತ್ತೆ. ಮ್ಯಾನೇಜರ್ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಯಾವತ್ತೂ ಹೇಳಲಾರೆ. ನಿಜ ಹೇಳೋದಕ್ಕೆ ಕೈಯಿಂದ ಏನೂ ಖರ್ಚಾಗದಿದ್ದರೆ ಇಷ್ಟುದ್ದ ಬರೆಯೋ ಪ್ರಮೇಯವೇ ಇರ್ತಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಆ ಸ್ಲೈಡನ್ನ ಹಳೇ ಫೈಲಿನಿಂದ ತೆಗೆದು ಮತ್ತೆ ಸೇರಿಸಿದೆ. ಮ್ಯಾನೇಜರ್ ಬೇಡ ಅನ್ನಲಿಲ್ಲ. ‘ಕೊನೆಗೆ ಹಾಕು’ ಅಂದರು. ಹನ್ನೊಂದನೆಯದಾಗಿಯೇ ಇರಲಿ ಅಂದೆ. ಒಂದು ವಾರ ಹಗ್ಗಜಗ್ಗಾಟ ಆಗಿ ಉಳೀತು. ಅದಾದ ಮೇಲೆ ಎರಡು ಕಾರ್ಯಕ್ರಮ ಆಗಿದೆ. ಎರಡಕ್ಕೂ ಬೇರೆಯವರನ್ನ ಕಳಿಸಿದರು. ಸ್ಲೈಡ್ ತೋರಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ವಯಸ್ಸಾದ ಶಾಸಕರ ಕಚೇರಿಗೆ ಒಂದು ಪತ್ರ ಬರೆದೆ. ‘ಅವತ್ತು ನೀವು ಕೇಳಿದ ಪ್ರಶ್ನೆಗೆ ನಾನು ಪೂರ್ತಿ ಉತ್ತರ ಕೊಡಲಿಲ್ಲ. ತೋಟಕ್ಕೂ ಕಾಡಿಗೂ ವ್ಯತ್ಯಾಸ ಕಂಡುಹಿಡಿಯೋದರಲ್ಲಿ ನಮ್ಮ ನಕ್ಷೆ ಈಗಲೂ ತಪ್ಪುತ್ತೆ. ಸ್ಥಳ ಪರಿಶೀಲನೆ ಕಡ್ಡಾಯ ಅಂತ ನಿಯಮದಲ್ಲೇ ಇರಲಿ’ ಅಂತ. ಉತ್ತರ ಬಂದಿಲ್ಲ. ಅವರ ಮೇಜಿನ ಮೇಲೆ ವರ್ಗಾವಣೆ ಪತ್ರಗಳ ಅಡಿಯಲ್ಲಿ ಇರಬಹುದು.

ಅಪ್ಪಯ್ಯನ ಅರ್ಜಿ ಇನ್ನೂ ತಾಲ್ಲೂಕು ಕಚೇರಿಯಲ್ಲೇ ಇದೆ. ಈ ಬರಹವನ್ನ ಅವರಿಗೆ ಫೋನಿನಲ್ಲಿ ಓದಿ ಹೇಳಿ, ಮೂವತ್ತು ಗುಂಟೆಯ ವಿಷಯ ತೆಗೀಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಳೆ ಸದ್ದು ಮಾತ್ರ ಕೇಳ್ತಿತ್ತು.

‘ತೆಗ್ದ್ರೆ ಆ ಸ್ಲೈಡ್ ತೆಗ್ದಂಗೇ ಆತಲ್ಲ’ ಅಂದರು. ‘ಇರ್ಲಿ ಬಿಡು. ಸರ್ವೆಯೋರು ಬಂದು ಕೇಳಿದ್ರೆ ಇದ್ದಿದ್ದು ಇದ್ದಂಗೆ ಹೇಳ್ತೀನಿ.’

ಆಮೇಲೆ ಸ್ವಲ್ಪ ತಡೆದು ಅಂದರು: ‘ಕೇಳದಿದ್ರೆ ಎಂತ ಮಾಡ್ಬೇಕು ಅಂತ ನೀನೇ ಹೇಳಪ್ಪ.’

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಇದೇ ಪ್ರಶ್ನೆಗೆ ಮೇಲೆ ನಾನೇ ಅಷ್ಟು ಜೋರಾಗಿ ಉತ್ತರ ಬರೆದಿದ್ದೆ. ಮುಂದಿನ ವಾರ ಊರಿಗೆ ಹೋಗ್ತಿದೀನಿ. ಇಬ್ಬರೂ ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋಗಿ ಬರೋದು ಅಂತ ಮಾತಾಗಿದೆ.